ಕೇಳುವ ಮೊದಲೇ ಹೇಳಿಬಿಡು

ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಅಮೆರಿಕದ ವಿಶ್ವವಿದ್ಯಾಲಯ ಸೇರುತ್ತಿದ್ದೀಯ. ಲ್ಯಾಬ್ ಹೇಗೆ ಕಟ್ಟಬೇಕು, ವಿದ್ಯಾರ್ಥಿಗಳನ್ನು ಹೇಗೆ ಆರಿಸಬೇಕು, ಟೆನ್ಯೂರ್ ಸಿಗಲು ಏನೇನು ಬೇಕು ಎಂದೆಲ್ಲ ಹೇಳಿಕೊಡಲು ಅಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಯಾರೂ ಬಿಡುವು ಮಾಡಿಕೊಂಡು ಹೇಳದ ವಿಷಯ ಒಂದಿದೆ, ಅದನ್ನು ನಾನು ಹೇಳುತ್ತೇನೆ. ಸೇರಿದ ಕೆಲವೇ ವಾರಗಳಲ್ಲಿ ಕಂಪ್ಲಯನ್ಸ್ ಆಫೀಸಿನಿಂದ ನಿನಗೊಂದು ಮೇಲ್ ಬರುತ್ತದೆ. ಹೊರಗಿನ ಆದಾಯ, ಕಂಪನಿಗಳ ಷೇರು, ಕನ್ಸಲ್ಟಿಂಗ್, ಬೇರೆಯವರ ಖರ್ಚಿನಲ್ಲಿ ಮಾಡಿದ ಪ್ರಯಾಣ, ವಿದೇಶದಲ್ಲಿರುವ ಹುದ್ದೆ, ಗೌರವ ಸ್ಥಾನ, ಒಪ್ಪಂದ, ಏನೇನಿದೆ ತಿಳಿಸಿ ಎಂದು ಅದರಲ್ಲಿ ಕೇಳಿರುತ್ತಾರೆ. ಪಾಠ, ಪ್ರಯೋಗ, ಮನೆ ಹುಡುಕಾಟಗಳ ನಡುವೆ ಅದು ಬಂದು ಬೀಳುತ್ತದೆ. ಎಲ್ಲ ಪ್ರಶ್ನೆಗೂ ‘ಇಲ್ಲ’ ಎಂದು ಒತ್ತಿ ಮುಗಿಸಿಬಿಡುವ ಆಸೆ ಯಾರಿಗಾದರೂ ಆಗುತ್ತದೆ. ಹಾಗೆ ಮಾಡಬೇಡ.

ಇಂಥ ಘೋಷಣೆಗಳನ್ನು ಓದಿ ಪರಿಶೀಲಿಸುವ ಸಮಿತಿಯಲ್ಲಿ ನಾನು ಬಹಳ ವರ್ಷ ಕೂತಿದ್ದೆ. ಅಲ್ಲಿ ನಮ್ಮೆದುರು ಬಂದವರಲ್ಲಿ ಕಳ್ಳರು ತೀರಾ ಅಪರೂಪ. ಹೆಚ್ಚಿನವರು ಒಳ್ಳೆಯ ವಿಜ್ಞಾನಿಗಳು. ‘ಇದೇನು ಮಹಾ, ಇದನ್ನೂ ಬರೆಯಬೇಕೆ?’ ಎಂದು ತಮ್ಮ ವಿಷಯದಲ್ಲಿ ತಾವೇ ತೀರ್ಪು ಕೊಟ್ಟುಕೊಂಡು ಸಿಕ್ಕಿಬಿದ್ದವರು. ಅವರನ್ನೆಲ್ಲ ನೋಡಿದ ಮೇಲೆ ನನಗೆ ಗಟ್ಟಿಯಾದ ಮಾತು ಒಂದೇ. ನಿನಗಿರುವ ಸಂಬಂಧ ನಿನ್ನ ಸಂಶೋಧನೆಗೆ ತಾಗುತ್ತದೋ ಇಲ್ಲವೋ ಎಂದು ತೀರ್ಮಾನಿಸುವುದು ನಿನ್ನ ಕೆಲಸವಲ್ಲ. ನಿನ್ನ ಫಲಿತಾಂಶವನ್ನು ನಂಬಿ ಮುಂದಡಿ ಇಡುವವರು ಅದನ್ನು ತೂಗಿ ನೋಡಬೇಕು. ತೂಗಲು ಅವರ ಕೈಗೆ ಏನಾದರೂ ಸಿಗಬೇಕಾದರೆ ನೀನು ಹೇಳಿರಬೇಕು.

ಇದು ಬರೀ ಕಾಗದಪತ್ರದ ರಗಳೆ ಅನ್ನಿಸಿದರೆ ಜೆಸ್ಸಿ ಗೆಲ್ಸಿಂಗರ್ ಎಂಬ ಹುಡುಗನ ಕಥೆಯನ್ನು ಕೇಳು. ಅರಿಜೋನಾದವನು, ವಯಸ್ಸು 18. ದೇಹದಲ್ಲಿ ಅಮೋನಿಯಾ ಶೇಖರವಾಗುವ ಒಂದು ಅಪರೂಪದ ಆನುವಂಶಿಕ ಕಾಯಿಲೆ ಅವನಿಗಿತ್ತು. ಆದರೆ ಪಥ್ಯದಿಂದ, ಮಾತ್ರೆಗಳಿಂದ ಅದು ಹತೋಟಿಯಲ್ಲಿತ್ತು, ಅವನ ಜೀವಕ್ಕೇನೂ ಅಪಾಯವಿರಲಿಲ್ಲ. ಇದೇ ಕಾಯಿಲೆಯಿಂದ ಹುಟ್ಟುತ್ತಲೇ ಸಾಯುವ ಕೂಸುಗಳಿಗೆ ಮುಂದೆ ಉಪಯೋಗವಾಗಲಿ ಎಂದು ಅವನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸೆಯ ಪ್ರಯೋಗಕ್ಕೆ ಒಪ್ಪಿ ಬಂದ. 1999ರ ಸೆಪ್ಟೆಂಬರ್ 13ರಂದು ಜೀನ್ ಹೊತ್ತ ವೈರಸ್ಸನ್ನು ಅವನ ಮೈಯೊಳಕ್ಕೆ ಬಿಟ್ಟರು. 17ರಂದು ಹುಡುಗ ತೀರಿಕೊಂಡ.

ಆ ವಿಶ್ವವಿದ್ಯಾಲಯದ ಜೀನ್ ಚಿಕಿತ್ಸಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ವಿಲ್ಸನ್ ಅವರೇ ಜೆನೋವೊ ಎಂಬ ಕಂಪನಿಯನ್ನು ಕಟ್ಟಿದವರು. ಅದರಲ್ಲಿ ಅವರಿಗೆ ಷೇರು ಇತ್ತು, ವಿಶ್ವವಿದ್ಯಾಲಯಕ್ಕೂ ಇತ್ತು. ಕಂಪನಿಯ ಹಣ ಅವರ ಸಂಸ್ಥೆಗೆ ಬರುತ್ತಿತ್ತು. ಇಲ್ಲಿ ನೀನು ಗಮನಿಸಬೇಕಾದದ್ದು, ಇದನ್ನು ಪೂರ್ತಿ ಮುಚ್ಚಿಟ್ಟಿರಲಿಲ್ಲ. ಒಪ್ಪಿಗೆ ಪತ್ರದಲ್ಲಿ ಇವರಿಗೆಲ್ಲ ಆರ್ಥಿಕ ಹಿತಾಸಕ್ತಿ ಇದೆ ಎಂಬ ವಾಕ್ಯವಿತ್ತು. ಎಷ್ಟು ಪಾಲು, ಯಾವ ಬಗೆಯ ಲಾಭ ಎಂಬುದು ಮಾತ್ರ ಅದರಲ್ಲಿರಲಿಲ್ಲ. ಹದಿನೆಂಟರ ಹುಡುಗ, ಅವನ ತಂದೆ ಆ ಸಾಲನ್ನು ಓದಿ ಏನು ತಿಳಿದುಕೊಳ್ಳಲು ಸಾಧ್ಯ? ಜೆಸ್ಸಿ ಸತ್ತದ್ದು ಷೇರಿನಿಂದ ಎಂದು ನಾನು ಹೇಳುವುದಿಲ್ಲ, ಯಾರೂ ಹಾಗೆ ಸಾಬೀತು ಮಾಡಿಲ್ಲ. ಆದರೆ ವೈರಸ್ ಬಿಡುವ ಮುನ್ನ ಅವನ ರಕ್ತದಲ್ಲಿ ಅಮೋನಿಯಾ ಪ್ರಯೋಗದ ನಿಯಮ ಅನುಮತಿಸಿದ್ದಕ್ಕಿಂತ ಹೆಚ್ಚಿತ್ತು ಎಂದು ತನಿಖೆಯಲ್ಲಿ ಬಂದಾಗ, ಹಾಗಿದ್ದೂ ಏಕೆ ಮುಂದುವರಿದರು ಎಂಬ ಪ್ರಶ್ನೆಯ ಪಕ್ಕದಲ್ಲಿ ಆ ಷೇರುಗಳು ಬಂದು ನಿಂತವು. ವೈದ್ಯರ ನಿರ್ಧಾರ ಪ್ರಾಮಾಣಿಕವೇ ಆಗಿದ್ದಿರಬಹುದು. ಅದನ್ನು ನಂಬುವ ದಾರಿ ಆ ತಂದೆಗೆ ಉಳಿದಿರಲಿಲ್ಲ. 2005ರಲ್ಲಿ ವಿಶ್ವವಿದ್ಯಾಲಯ ತಪ್ಪನ್ನು ಒಪ್ಪಿಕೊಳ್ಳದೆಯೇ ಸರ್ಕಾರಕ್ಕೆ 5 ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ರಾಜಿಯಾಯಿತು. ಅಮೆರಿಕದ ಜೀನ್ ಚಿಕಿತ್ಸೆಯ ಸಂಶೋಧನೆ ಆ ಸಾವಿನಿಂದ ಚೇತರಿಸಿಕೊಳ್ಳಲು ವರ್ಷಗಟ್ಟಲೆ ಹಿಡಿಯಿತು.

ಇನ್ನೊಂದು ಹಳೆಯ ಪ್ರಕರಣವನ್ನೂ ತಿಳಿದಿರು. 1967ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಹಾರ್ವರ್ಡ್‌ನ ಪೋಷಣಾ ತಜ್ಞರು ಹೃದ್ರೋಗದ ಬಗ್ಗೆ ಒಂದು ವಿಮರ್ಶಾ ಲೇಖನ ಬರೆದರು. ಕೊಬ್ಬಿನ ಮೇಲೆ ಬೊಟ್ಟು ಮಾಡಿ, ಸಕ್ಕರೆಯ ಪಾತ್ರವನ್ನು ಕುಗ್ಗಿಸಿದ ಲೇಖನ ಅದು. ಸಕ್ಕರೆ ಉದ್ಯಮದ ಸಂಶೋಧನಾ ಪ್ರತಿಷ್ಠಾನ ಅದಕ್ಕಾಗಿ 6,500 ಡಾಲರ್ ಕೊಟ್ಟಿತ್ತು, ಲೇಖನದಲ್ಲಿ ಅದರ ಸುಳಿವಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಕಡತಗಳನ್ನು ಕೆದಕಿ ಅದನ್ನು ಹೊರಗೆಳೆದದ್ದು 2016ರಲ್ಲಿ. ಆ ಕಾಲದಲ್ಲಿ ಹೇಳಬೇಕೆಂಬ ನಿಯಮವೇ ಇರಲಿಲ್ಲ ಎಂಬುದು ನಿಜ, ಆ ಪತ್ರಿಕೆ ಲೇಖಕರಿಂದ ಅಂಥ ಮಾಹಿತಿ ಕೇಳತೊಡಗಿದ್ದು 1984ರಲ್ಲಿ. ನಿನಗೆ ಆ ನೆಪವಿಲ್ಲ. ನಿನ್ನನ್ನು ಕೇಳುತ್ತಾರೆ.

ಏನು ಕೇಳುತ್ತಾರೆ ಎಂದರೆ, ನಿನ್ನ ಕೆಲಸ ನಡೆಯುವುದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ (ಎನ್‌ಐಎಚ್) ಹಣದಲ್ಲಾದ್ದರಿಂದ ಅದರ ನಿಯಮವನ್ನೇ ಹೇಳುತ್ತೇನೆ. ಮೊದಲು ಹೊರಗಿನ ಆದಾಯ, ಷೇರು 10,000 ಡಾಲರ್ ದಾಟಿದರೆ ಮಾತ್ರ ಹೇಳಬೇಕಿತ್ತು. 2011ರ ತಿದ್ದುಪಡಿಯಲ್ಲಿ ಅದನ್ನು 5,000ಕ್ಕೆ ಇಳಿಸಿದರು. ಷೇರು ಮಾರುಕಟ್ಟೆಯಲ್ಲಿಲ್ಲದ ಖಾಸಗಿ ಕಂಪನಿಯಾದರೆ ಈ ಮಿತಿಯೂ ಇಲ್ಲ, ಒಂದೇ ಷೇರಿದ್ದರೂ ಹೇಳಬೇಕು. ನಿನ್ನದಷ್ಟೇ ಅಲ್ಲ, ನಿನ್ನ ಗಂಡನದೂ ಲೆಕ್ಕಕ್ಕೆ ಬರುತ್ತದೆ. ಅವನು ಗೆಳೆಯರ ಜತೆ ಬೆಂಗಳೂರಿನಲ್ಲಿ ನಡೆಸುತ್ತಿರುವ ರೋಗಪತ್ತೆ ಕಿಟ್‌ಗಳ ಸ್ಟಾರ್ಟಪ್ ನಿನಗೆ ಮನೆಯ ಮಾತು. ನಿನ್ನ ಲ್ಯಾಬ್ ಕೂಡ ಸೋಂಕುಗಳನ್ನೇ ಅಭ್ಯಾಸ ಮಾಡುವುದರಿಂದ ಅದು ವಿಶ್ವವಿದ್ಯಾಲಯಕ್ಕೂ ತಿಳಿಯಬೇಕಾದ ಮಾತು. ಇನ್ನೊಂದು ಸೂಕ್ಷ್ಮವಿದೆ. ಅಮೆರಿಕದ ಬೇರೊಂದು ವಿಶ್ವವಿದ್ಯಾಲಯ ನಿನ್ನನ್ನು ಉಪನ್ಯಾಸಕ್ಕೆ ಕರೆದು ಗೌರವಧನ ಕೊಟ್ಟರೆ ಅದಕ್ಕೆ ಈ ನಿಯಮದಲ್ಲಿ ವಿನಾಯಿತಿ ಇದೆ. ಹೊರದೇಶದ ವಿಶ್ವವಿದ್ಯಾಲಯ ಅಥವಾ ಸರ್ಕಾರ ಕೊಟ್ಟರೆ ಇಲ್ಲ. ‘ಅದೂ ವಿಶ್ವವಿದ್ಯಾಲಯವೇ ತಾನೆ’ ಎಂದು ಎಷ್ಟೋ ಜನ ಬಿಟ್ಟುಬಿಡುತ್ತಿದ್ದರು, 2018ರಲ್ಲಿ ಎನ್‌ಐಎಚ್ ಇದನ್ನು ಎಲ್ಲರಿಗೂ ನೆನಪಿಸಬೇಕಾಯಿತು. ಹೊಸದೇನಾದರೂ ಸೇರಿದರೆ ವರ್ಷದ ಕೊನೆಯ ತನಕ ಕಾಯುವಂತಿಲ್ಲ, 30 ದಿನದೊಳಗೆ ಹೇಳಬೇಕು.

ವಿದೇಶಿ ಸಂಬಂಧದ ಮಾತು ಬಂದಾಗಲೆಲ್ಲ ಅಲ್ಲಿ ಒಂದು ಹೆಸರು ಕೇಳಿಬರುತ್ತದೆ, ಚಾರ್ಲ್ಸ್ ಲೀಬರ್. ಹಾರ್ವರ್ಡ್‌ನ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದವರು, ನ್ಯಾನೊ ವಿಜ್ಞಾನದಲ್ಲಿ ಜಗತ್ತಿನ ಮೊದಲ ಸಾಲಿನವರು. ಎನ್‌ಐಎಚ್ ಮತ್ತು ರಕ್ಷಣಾ ಇಲಾಖೆಗಳಿಂದ 1.5 ಕೋಟಿ ಡಾಲರಿಗೂ ಹೆಚ್ಚು ಅನುದಾನ ಪಡೆದಿದ್ದವರು. ಅವರು ವುಹಾನ್ ತಾಂತ್ರಿಕ ವಿಶ್ವವಿದ್ಯಾಲಯದ ಜತೆ, ಚೀನಾದ ‘ಸಾವಿರ ಪ್ರತಿಭೆ’ ಯೋಜನೆಯಡಿ, ತಿಂಗಳಿಗೆ 50,000 ಡಾಲರ್ ತನಕ ಸಂಬಳದ ಒಪ್ಪಂದ ಮಾಡಿಕೊಂಡಿದ್ದರು. ಅಲ್ಲೊಂದು ಲ್ಯಾಬ್ ಕಟ್ಟಲು 15 ಲಕ್ಷ ಡಾಲರಿನ ಮಾತೂ ಆಗಿತ್ತು. 2020ರ ಜನವರಿಯಲ್ಲಿ ಅವರ ಬಂಧನವಾಯಿತು, 2021ರ ಡಿಸೆಂಬರ್‌ನಲ್ಲಿ ಜ್ಯೂರಿ ಆರೂ ಆರೋಪಗಳಲ್ಲಿ ತಪ್ಪಿತಸ್ಥ ಎಂದಿತು.

ಆ ಆರು ಯಾವುವು ಎಂದು ಎಣಿಸಿ ನೋಡು. ಗೂಢಚರ್ಯೆ ಅಲ್ಲ. ರಹಸ್ಯ ಮಾರಿದ್ದಲ್ಲ. ಚೀನಾದ ಜತೆ ಕೆಲಸ ಮಾಡಿದ್ದೂ ಅಲ್ಲ. ಸರ್ಕಾರದ ಅಧಿಕಾರಿಗಳಿಗೆ ಸುಳ್ಳು ಹೇಳಿದ್ದಕ್ಕೆ ಎರಡು, ತೆರಿಗೆಯಲ್ಲಿ ಆ ಆದಾಯ ತೋರಿಸದ್ದಕ್ಕೆ ಎರಡು, ಚೀನಾದ ಬ್ಯಾಂಕ್ ಖಾತೆಯನ್ನು ವರದಿ ಮಾಡದ್ದಕ್ಕೆ ಎರಡು. ಒಪ್ಪಂದಕ್ಕೆ ಸಹಿ ಹಾಕಿದ ದಿನವೇ ಅವರು ಹಾರ್ವರ್ಡ್‌ಗೆ ಹೇಳಿದ್ದರೆ, ವಿಶ್ವವಿದ್ಯಾಲಯ ಬೇಡ ಎನ್ನುತ್ತಿತ್ತೋ, ಹೀಗೆ ಮಾಡಿ ಎನ್ನುತ್ತಿತ್ತೋ, ಎರಡರಲ್ಲೊಂದು ಆಗುತ್ತಿತ್ತು. 2023ರಲ್ಲಿ ಅವರಿಗಾದ ಶಿಕ್ಷೆ ಆರು ತಿಂಗಳ ಗೃಹಬಂಧನ ಮತ್ತು ದಂಡ. ಹೋದ ಹೆಸರಿನ ಮುಂದೆ ಆ ಶಿಕ್ಷೆ ಏನೇನೂ ಅಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಾನು ನಿನಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. 2018ರ ನವೆಂಬರ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ‘ಚೀನಾ ಇನಿಶಿಯೇಟಿವ್’ ಎಂಬ ಕಾರ್ಯಾಚರಣೆ ಆರಂಭಿಸಿತು. ಅದರ ಬಲೆಗೆ ಬಿದ್ದವರಲ್ಲಿ ನಿರಪರಾಧಿಗಳೂ ಇದ್ದರು. ಎಂಐಟಿಯ ಗ್ಯಾಂಗ್ ಚೆನ್ ಅವರನ್ನು 2021ರ ಜನವರಿಯಲ್ಲಿ ಬಂಧಿಸಿದರು. ಅವರು ಬರೆಯಲಿಲ್ಲ ಎಂದು ಆರೋಪಿಸಿದ ವಿಷಯಗಳನ್ನು ಬರೆಯಬೇಕೆಂದು ಆಗ ಇಂಧನ ಇಲಾಖೆಯ ಅರ್ಜಿ ಕೇಳುತ್ತಲೇ ಇರಲಿಲ್ಲ ಎಂದು ತಿಳಿದುಬಂದು, ಒಂದು ವರ್ಷದ ಮೇಲೆ ಮೊಕದ್ದಮೆ ಕೈಬಿಟ್ಟರು. ಟೆನೆಸಿ ವಿಶ್ವವಿದ್ಯಾಲಯದ ಆನ್ಮಿಂಗ್ ಹು ಕೆಲಸ ಕಳೆದುಕೊಂಡು, 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರಿಂದ ಖುಲಾಸೆಯಾಗಿ, ಆಮೇಲೆ ಮರಳಿ ಸೇರಿದರು. ಕ್ಯಾನ್ಸಸ್ ವಿಶ್ವವಿದ್ಯಾಲಯದ ಫೆಂಗ್ ಟಾವೊ ಅವರ ಮೇಲಿನ ಕೊನೆಯ ಅಪರಾಧ ನಿರ್ಣಯವನ್ನು ಮೇಲ್ಮನವಿ ನ್ಯಾಯಾಲಯ ರದ್ದು ಮಾಡಿದ್ದು 2024ರಲ್ಲಿ, ಬಂಧನವಾಗಿ ಐದು ವರ್ಷದ ಬಳಿಕ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನೇ ಕಳ್ಳ ಎನ್ನುತ್ತದೆ ನಮ್ಮ ಗಾದೆ. ಆ ವರ್ಷಗಳಲ್ಲಿ ಏನೂ ಮಾಡದವರೂ ಹೆಗಲು ಮುಟ್ಟಿ ನೋಡಿಕೊಂಡರು, ಚೀನೀ ಹೆಸರಿದ್ದವರೆಲ್ಲ ನೋಡಿಕೊಂಡರು. 2022ರ ಫೆಬ್ರವರಿಯಲ್ಲಿ ಕಾರ್ಯಾಚರಣೆ ನಿಂತಿತು. ಅದು ಅನ್ಯಾಯ ಎಂದು ಚೆನ್ ಪರವಾಗಿ ಸಹಿ ಹಾಕಿದ ಎಂಐಟಿಯ ನೂರಕ್ಕೂ ಹೆಚ್ಚು ಪ್ರಾಧ್ಯಾಪಕರನ್ನು ನಾನು ಗೌರವದಿಂದ ನೆನೆಯುತ್ತೇನೆ. ಮುಂದೆ ನಿನ್ನ ಪಕ್ಕದ ಲ್ಯಾಬಿನವರನ್ನು ಹುಟ್ಟಿದ ಊರಿನ ಕಾರಣಕ್ಕೆ ಅನುಮಾನಿಸಿದರೆ ನೀನೂ ಬಾಯಿ ಬಿಡಬೇಕು.

ಈ ಎರಡೂ ಬಗೆಯ ಕಥೆಗಳಿಂದ ನಾನು ಕಲಿತದ್ದು ಒಂದೇ. ಎಲ್ಲವನ್ನೂ ಬರೆದು ಕೊಡು, ಕೊಟ್ಟದ್ದಕ್ಕೆ ದಾಖಲೆ ಇಟ್ಟುಕೋ. ಫಾರ್ಮ್‌ನ ಪ್ರಶ್ನೆ ಅಸ್ಪಷ್ಟವಾಗಿದ್ದರೆ ಸ್ಪಾನ್ಸರ್ಡ್ ಪ್ರೋಗ್ರಾಮ್ಸ್ ಆಫೀಸಿಗೆ ಮೇಲ್ ಬರೆದು ಕೇಳು. ಅವರು ಫೋನಿನಲ್ಲಿ ‘ಇದು ಬೇಡ ಬಿಡಿ’ ಎಂದರೆ, ‘ನೀವು ಹೀಗೆ ಹೇಳಿದಿರಿ’ ಎಂದು ಅವತ್ತೇ ಒಂದು ಮೇಲ್ ಹಾಕು. ಆ ವರ್ಷದ ಫಾರ್ಮ್‌ನ ಪ್ರತಿಯನ್ನೂ ಸೂಚನೆಗಳ ಪ್ರತಿಯನ್ನೂ ತೆಗೆದಿಡು, ಏಕೆಂದರೆ ಸೂಚನೆಗಳು ಬದಲಾಗುತ್ತಲೇ ಇರುತ್ತವೆ. ಅಂದು ಏನು ಕೇಳಿದ್ದರು ಎಂಬುದೇ ಚೆನ್ ಅವರ ಮೊಕದ್ದಮೆಯ ಗಂಟಾಗಿತ್ತು ಎಂಬುದನ್ನು ಮರೆಯಬೇಡ.

ಇನ್ನು ನಮ್ಮವರ ವಿಷಯ. ‘ನಾವು ಭಾರತೀಯರು, ಚೀನಾದವರ ಸಮಸ್ಯೆ ನಮಗಿಲ್ಲ’ ಎಂಬ ಮಾತು ಅಲ್ಲಿನ ಕನ್ನಡ ಕೂಟಗಳಲ್ಲೂ ನಿನ್ನ ಕಿವಿಗೆ ಬೀಳುತ್ತದೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಅಮೆರಿಕದ 2022ರ ಚಿಪ್ಸ್ ಮತ್ತು ವಿಜ್ಞಾನ ಕಾಯ್ದೆ ವಿಶೇಷವಾಗಿ ಹೆಸರಿಸುವುದು ಚೀನಾ, ರಷ್ಯಾ, ಇರಾನ್, ಉತ್ತರ ಕೊರಿಯಾಗಳನ್ನು. ಆದರೆ ಬರೆದು ಹೇಳಬೇಕೆಂಬ ನಿಯಮಕ್ಕೆ ದೇಶ ಯಾವುದಾದರೂ ಒಂದೇ. ಭಾರತ ಸರ್ಕಾರ 2017ರಲ್ಲಿ ಆರಂಭಿಸಿದ ‘ವಜ್ರ’ ಯೋಜನೆ ಹೊರದೇಶದ ವಿಜ್ಞಾನಿಗಳನ್ನು ವರ್ಷಕ್ಕೆ ಒಂದರಿಂದ ಮೂರು ತಿಂಗಳು ನಮ್ಮ ಸಂಸ್ಥೆಗಳಿಗೆ ಕರೆಸಿಕೊಳ್ಳಲು ಮಾಡಿದ್ದು. ಮೊದಲ ತಿಂಗಳಿಗೆ 15,000 ಡಾಲರ್, ಆಮೇಲಿನ ತಿಂಗಳುಗಳಿಗೆ 10,000. ‘ವೈಭವ್’ ಫೆಲೋಶಿಪ್ ಅನಿವಾಸಿ ವಿಜ್ಞಾನಿಗಳಿಗಾಗಿ ಬಂದದ್ದು, ತಿಂಗಳಿಗೆ 4 ಲಕ್ಷ ರೂಪಾಯಿ. ಎರಡೂ ಒಳ್ಳೆಯ ಯೋಜನೆಗಳು. ಭಾರತೀಯ ವಿಜ್ಞಾನ ಸಂಸ್ಥೆಯಿಂದ ಕರೆ ಬಂದರೆ ಸಂತೋಷದಿಂದ ಹೋಗು, ನಿನ್ನನ್ನು ಓದಿಸಿದ ನೆಲಕ್ಕೆ ನಿನ್ನ ವಿದ್ಯೆ ಸಲ್ಲಬೇಕು ಎಂಬ ಆಸೆ ನನಗಿದೆ. ಆದರೆ ಅದರಲ್ಲಿ ಬೇರೆ ಸರ್ಕಾರದ ಹಣವಿದೆ, ಬೇರೆ ಸಂಸ್ಥೆಯ ಹುದ್ದೆಯಿದೆ, ಬೇರೆ ಲ್ಯಾಬಿಗೆ ಕೊಡುವ ನಿನ್ನ ಸಮಯವಿದೆ. ಒಪ್ಪಿಕೊಳ್ಳುವ ಮೊದಲೇ ವಿಶ್ವವಿದ್ಯಾಲಯಕ್ಕೆ ತಿಳಿಸು, ಗ್ರಾಂಟ್ ಅರ್ಜಿಯ ‘ಅದರ್ ಸಪೋರ್ಟ್’ ಪುಟದಲ್ಲೂ ಬಯೋಸ್ಕೆಚ್‌ನಲ್ಲೂ ಬರೆ. 2022ರಿಂದ ಎನ್‌ಐಎಚ್ ಇಂಥ ವಿದೇಶಿ ಒಪ್ಪಂದಗಳ ಪ್ರತಿಯನ್ನೂ ಕೇಳುತ್ತದೆ, ಇಂಗ್ಲಿಷ್‌ನಲ್ಲಿಲ್ಲದಿದ್ದರೆ ಅನುವಾದದ ಜತೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯವೊಂದು ಕನ್ನಡದಲ್ಲಿ ಆದೇಶ ಕಳಿಸಿದರೆ ಇದು ನೆನಪಿರಲಿ.

ಹಣವಿಲ್ಲದ್ದನ್ನೂ ಬರೆಯಬೇಕು ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಭಾರತ ಸರ್ಕಾರದ ಫೆಲೋಶಿಪ್ ಮೇಲೆ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ನಿನ್ನ ಲ್ಯಾಬಿಗೆ ಒಂದು ವರ್ಷ ಬಂದು ಕೆಲಸ ಮಾಡಿದರೆ, ಆ ಹುಡುಗನ ದುಡಿಮೆ ನಿನ್ನ ಸಂಶೋಧನೆಗೆ ಬೇರೆಯವರು ಕೊಟ್ಟ ನೆರವು.

ಎಲ್ಲಕ್ಕಿಂತ ನನಗೆ ಭಯ ನಮ್ಮ ದಾಕ್ಷಿಣ್ಯದ್ದು. ನೀನು ಓದಿದ ಕಾಲೇಜಿನ ಮೇಷ್ಟ್ರು ಈಗ ಪ್ರಿನ್ಸಿಪಾಲರು. ಒಂದು ದಿನ ಫೋನ್ ಮಾಡಿ, ‘ನಿನ್ನ ಹೆಸರನ್ನು ನಮ್ಮಲ್ಲಿ ಅಡ್ಜಂಕ್ಟ್ ಪ್ರೊಫೆಸರ್ ಅಂತ ಹಾಕ್ಕೋತೀವಮ್ಮ, ಕಾಲೇಜಿಗೆ ಒಂದು ಮರ್ಯಾದೆ, ನೀನೇನೂ ಮಾಡಬೇಕಾಗಿಲ್ಲ’ ಎನ್ನುತ್ತಾರೆ. ವಿದ್ಯೆ ಕೊಟ್ಟವರಿಗೆ ಇಲ್ಲ ಎನ್ನಲು ನಮಗೆ ನಾಲಿಗೆ ಏಳುವುದಿಲ್ಲ. ಹೂಂ ಎಂದು ಮರೆತುಬಿಡುತ್ತೀಯ. ನಾಲ್ಕು ವರ್ಷದ ಮೇಲೆ ಯಾರೋ ನಿನ್ನ ಹೆಸರು ಹುಡುಕಿದಾಗ, ಎಲ್ಲೂ ಬರೆಯದ ಒಂದು ವಿದೇಶಿ ಹುದ್ದೆ ನಿನ್ನ ಹೆಸರಿನ ಕೆಳಗೆ ಕಾಣಿಸುತ್ತದೆ. ಕೆಲಸ ಮಾಡಿರಲಿಲ್ಲ, ಒಂದು ರೂಪಾಯಿ ಪಡೆದಿರಲಿಲ್ಲ ಎಂದು ವಿವರಿಸುತ್ತಾ ಕೂರಬೇಕಾಗುತ್ತದೆ. ಇಂಥವರ ಕಡತಗಳನ್ನು ನಾನು ಸಮಿತಿಯಲ್ಲಿ ಓದಿದ್ದೇನೆ, ಓದುವಾಗ ಸಂಕಟವಾಗುತ್ತಿತ್ತು. ಮೇಷ್ಟ್ರಿಗೆ ನೇರವಾಗಿ ಹೇಳು, ‘ಸಾರ್, ನಮ್ಮ ಯೂನಿವರ್ಸಿಟಿಯನ್ನು ಕೇಳಿ ಬರೆದು ತಿಳಿಸುತ್ತೇನೆ’ ಎಂದು. ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಸಹಿಸಿಕೋ. ಪೇಪರುಗಳ ಮೇಲೆ ಎರಡನೆಯ ಸಂಸ್ಥೆಯ ಹೆಸರು ಹಾಕುವಾಗಂತೂ ಇನ್ನೂ ಎಚ್ಚರ ಬೇಕು. ಸ್ಪೇನಿನ ಕೋರ್ಡೊಬಾ ವಿಶ್ವವಿದ್ಯಾಲಯ ತನ್ನ ಹೆಸರಾಂತ ರಸಾಯನಶಾಸ್ತ್ರಜ್ಞ ರಫಾಯೆಲ್ ಲೂಕೆ ಅವರನ್ನು 13 ವರ್ಷ ಸಂಬಳವಿಲ್ಲದೆ ಅಮಾನತಿನಲ್ಲಿಟ್ಟದ್ದು, ಸೌದಿ ಅರೇಬಿಯಾದ ಮತ್ತು ರಷ್ಯಾದ ವಿಶ್ವವಿದ್ಯಾಲಯಗಳ ಹೆಸರಿನಲ್ಲೂ ಕೆಲಸ ಮಾಡಿದರು ಎಂಬ ಕಾರಣಕ್ಕೆ.

ಬ್ಯಾಂಕ್ ಖಾತೆಯ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇನೆ. ತೆರಿಗೆಯ ಲೆಕ್ಕದಲ್ಲಿ ನೀನು ಅಮೆರಿಕದ ನಿವಾಸಿಯಾದ ಮೇಲೆ, ಹೊರದೇಶದ ನಿನ್ನ ಖಾತೆಗಳಲ್ಲೆಲ್ಲ ಸೇರಿ ವರ್ಷದ ಯಾವುದೇ ದಿನ 10,000 ಡಾಲರಿಗಿಂತ ಹೆಚ್ಚಿದ್ದರೆ ಖಜಾನೆ ಇಲಾಖೆಗೆ ವರದಿ ಮಾಡಬೇಕು. ಅಪ್ಪನ ಜತೆ ಊರಿನ ಬ್ಯಾಂಕಿನಲ್ಲಿರುವ ಜಂಟಿ ಠೇವಣಿಯೂ ಅದರಲ್ಲಿ ಬರುತ್ತದೆ. ಲೀಬರ್ ಅವರ ಆರು ಆರೋಪಗಳಲ್ಲಿ ಎರಡು ಇದೇ ಎಂಬುದನ್ನು ಆಗಲೇ ಹೇಳಿದೆ.

ಹೇಳಿಕೊಂಡರೆ ಏನಾಗುತ್ತದೆ ಎಂಬ ಅಳುಕು ನಿನಗಿರಬಹುದು. ನಾನು ಕಂಡಂತೆ, ಬಹುತೇಕ ಸಲ ಏನೂ ಆಗುವುದಿಲ್ಲ. ಸಮಿತಿ ಓದುತ್ತದೆ, ಗುರುತು ಮಾಡಿಕೊಳ್ಳುತ್ತದೆ, ಅಷ್ಟೆ. ಸಂಬಂಧ ಸ್ವಲ್ಪ ಗಾಢವಾಗಿದ್ದರೆ ಒಂದು ನಿರ್ವಹಣಾ ಯೋಜನೆ ಬರೆದುಕೊಡುತ್ತಾರೆ. ನಿನ್ನ ಗಂಡನ ಕಂಪನಿಯ ಕಿಟ್ ಪರೀಕ್ಷಿಸುವ ಪ್ರಯೋಗವಾದರೆ ದತ್ತಾಂಶದ ವಿಶ್ಲೇಷಣೆಯನ್ನು ಸಂಬಂಧವಿಲ್ಲದ ಇನ್ನೊಬ್ಬರು ಮಾಡಲಿ, ರೋಗಿಗಳ ಒಪ್ಪಿಗೆ ಪಡೆಯುವುದು ನೀನಾಗಬಾರದು, ಪೇಪರಿನಲ್ಲಿ, ಭಾಷಣದಲ್ಲಿ ಸಂಬಂಧವನ್ನು ಸ್ಪಷ್ಟವಾಗಿ ಹೇಳಬೇಕು ಎಂದೆಲ್ಲ ಅದರಲ್ಲಿರುತ್ತದೆ. ಇದರಿಂದ ಕೆಲಸ ಸ್ವಲ್ಪ ನಿಧಾನವಾಗುತ್ತದೆ ನಿಜ. ಹತ್ತು ವರ್ಷದ ಮೇಲೆ ಯಾರಾದರೂ ನಿನ್ನ ಫಲಿತಾಂಶವನ್ನು ಪ್ರಶ್ನಿಸಿದಾಗ ನಿನ್ನ ಪರವಾಗಿ ಮಾತಾಡುವುದು ಆ ಹಾಳೆಯೇ.

ನಿನ್ನ ವಿದ್ಯಾರ್ಥಿಗಳಿಗೂ ಹೇಳು. ಕಂಪನಿಯ ಕೆಲಸಕ್ಕೂ ಪ್ರಬಂಧದ ಕೆಲಸಕ್ಕೂ ನಡುವೆ ಗೆರೆ ಎಲ್ಲಿದೆ ಎಂದು ಅವರಿಗೆ ತಿಳಿಯುವುದಿಲ್ಲ, ಕೇಳುವ ಧೈರ್ಯವೂ ಇರುವುದಿಲ್ಲ. ನಿನ್ನ ಪ್ರಯೋಗದಲ್ಲಿ ಯಾರಿಗೆ ಏನು ಲಾಭವಿದೆ ಎಂಬುದು ಅದರಲ್ಲಿ ದುಡಿಯುವ ಹುಡುಗಿಗೆ ಮೊದಲ ವಾರವೇ ಗೊತ್ತಿರಬೇಕು.

ಬರುವ ಬೇಸಿಗೆಯಲ್ಲಿ ಬೆಂಗಳೂರಿಗೆ ಬಂದು ಎರಡು ತಿಂಗಳು ಪಾಠ ಮಾಡುವ ಯೋಚನೆ ಇದೆ ಎಂದೆಯಲ್ಲ, ವಿಮಾನದ ಟಿಕೆಟ್ ತೆಗೆಯುವ ಮೊದಲು ಅದನ್ನು ಬರೆದು ಕಳಿಸು. ಯಾರು ಕರೆದರು, ಖರ್ಚು ಯಾರದು, ಎಷ್ಟು ದಿನ, ಅಲ್ಲಿ ಏನು ಮಾಡುತ್ತೀಯ, ಇಷ್ಟಿದ್ದರೆ ಸಾಕು. ಗಂಡನ ಷೇರುಗಳ ವಿವರವನ್ನೂ ಅದೇ ಮೇಲ್‌ನಲ್ಲಿ ಸೇರಿಸು. ಕರಡನ್ನು ಮೊದಲು ನನಗೆ ಕಳಿಸಿದರೆ ಓದಿ, ಬಿಟ್ಟುಹೋದದ್ದೇನಾದರೂ ಇದ್ದರೆ ಹೇಳುತ್ತೇನೆ.